ಪೋರ್ಟೊ ರಿಕೊದಲ್ಲಿ ಕ್ರಾಫ್ಟ್ ಬಿಯರ್: ಎಲ್ಲಿಗೆ ಹೋಗೋದು, ಏನು ಕೇಳೋದು, ಏನು ನೋಡೋದು?

ಕೆರೆಕೋಡಿ
ಎಲ್ಲರಿಗೂ ನಮಸ್ಕಾರ. ಜನವರಿ ಕೊನೆಗೆ ಡಲ್ಲಾಸ್‌ನಿಂದ ಪೋರ್ಟೊ ರಿಕೊಗೆ ಹೊರಟಿದ್ದೇವೆ, ನಾನು ಮತ್ತು ನನ್ನಾಕೆ. ಬೀಚು, ಕೋಟೆಗಳ ಪಟ್ಟಿ ಬೇಕಾದಷ್ಟು ಸಿಕ್ಕಿತು. ಬಿಯರ್ ವಿಷಯಕ್ಕೆ ಬಂದರೆ ಮಾತ್ರ ಎಲ್ಲರೂ "ಮೆಡಾಯಾ ಕುಡಿಯಿರಿ" ಅಂತ ಬರೆದು ಕೈತೊಳೆದುಕೊಂಡಿದ್ದಾರೆ. ಅಲ್ಲೇ ಸಣ್ಣ ಬ್ರೂವರಿಗಳು ಮಾಡಿದ ಕ್ರಾಫ್ಟ್ ಬಿಯರ್ ಎಲ್ಲಿ ಸಿಗುತ್ತೆ? ಕಾರು ಬೇಕಾ? ಅಷ್ಟು ಸೆಕೆಯ ಜಾಗದಲ್ಲಿ ಹೇಗೆ ಮಾಡ್ತಾರೆ ಅನ್ನೋದೂ ತಿಳಿದವರು ಬರೆದರೆ ಓದೋಣ. ನಾವಿಬ್ಬರೂ ಎಚ್‌-1ಬಿ, ಕಾಗದಪತ್ರದ ತಾಪತ್ರಯ ಏನಾದರೂ ಇದ್ದರೆ ಅದನ್ನೂ ತಿಳಿಸಿ.

ಹೊಂಬಾಳೆ
ಮೆಡಾಯಾನ ಅಷ್ಟು ಬೇಗ ತಳ್ಳಿಹಾಕಬೇಡಿ ಸಾರ್. ಪಶ್ಚಿಮದ ಮಾಯಾಗ್ವೆಸ್ ಊರಿನ ದೊಡ್ಡ ಕಾರ್ಖಾನೆಯ ಲೈಟ್ ಲಾಗರ್ (ತಂಪಿನಲ್ಲಿ ಹುದುಗಿಸಿದ ಹಗುರ ಬಿಯರ್) ಅದು, ಆಲ್ಕೋಹಾಲ್ 4.2%. ಹೆಚ್ಚು ಓಡೋದು 10 ಔನ್ಸಿನ ಪುಟ್ಟ ಕ್ಯಾನು, ಅಂದರೆ 296 ಮಿಲಿ. 30 ಡಿಗ್ರಿ ಸೆಕೆಯಲ್ಲಿ 473 ಮಿಲಿಯ ಪೈಂಟು ಅರ್ಧ ಇಳಿಯುವಷ್ಟರಲ್ಲಿ ಬೆಚ್ಚಗಾಗಿರುತ್ತೆ, ಪುಟ್ಟ ಕ್ಯಾನು ತಣ್ಣಗಿರುವಾಗಲೇ ಖಾಲಿ. ಆ ದ್ವೀಪದಲ್ಲಿ ಬಿಯರ್ ಅಂದರೆ ಪೂರ್ತಿ ತಂಪಿನ ಆಟ. ಕ್ರಾಫ್ಟ್ ಬಿಯರ್ ಹುಡುಕುವಾಗಲೂ ಇದೇ ಲೆಕ್ಕ ಇಟ್ಟುಕೊಳ್ಳಿ.

ಜಾಗಗಳು. ಹಳೇ ಸಾನ್ ಹ್ವಾನ್‌ನಲ್ಲಿ ಸಾನ್ ಸೆಬಾಸ್ತಿಯಾನ್ ಬೀದಿಯ "ಲಾ ತಾಬೆರ್ನಾ ಲೂಪುಲೊ"ದಿಂದ ಶುರು ಮಾಡಿ. ಅದು ಬ್ರೂವರಿಯಲ್ಲ, ಬಾರು. ಆದರೆ ಬಿಯರ್ ನಲ್ಲಿಗಳ ಸಾಲು ಉದ್ದ. ಅದರಲ್ಲಿ ಅಮೆರಿಕದ ಮುಖ್ಯ ಭೂಭಾಗದಿಂದ ಬಂದದ್ದೂ ಬೆರೆತಿರುತ್ತೆ, ಹಾಗಾಗಿ "ಕ್ವಾಲ್ ಎಸ್ ದೆ ಆಕಿ?" ಅಂತ ಕೇಳಿ, ಇಲ್ಲಿಯದು ಯಾವುದು ಅಂತ. ಸಾವಿರಾರು ಮೈಲಿ ದೂರದ ಐಪಿಎ (ಹಾಪ್ಸ್ ಅನ್ನೋ ಕಹಿ ಹೂವು ಹೆಚ್ಚು ಹಾಕಿದ ಬಿಯರ್) ಕುಡಿಯೋಕೆ ಅಲ್ಲಿವರೆಗೆ ಹೋಗಬೇಕಾಗಿಲ್ಲ. ಮೊದಲು ಸಣ್ಣ ಲೋಟದ ಸ್ಯಾಂಪಲ್ ತಗೊಂಡು ಆಮೇಲೆ ದೊಡ್ಡದಕ್ಕೆ ಹೋಗಿ. ನಿಮ್ಮ ತಾರೀಖು ಸಾನ್ ಸೆಬಾಸ್ತಿಯಾನ್ ಬೀದಿ ಹಬ್ಬದ ವಾರಾಂತ್ಯಕ್ಕೆ ಸಿಕ್ಕಿಬಿದ್ದರೆ ಆ ಬೀದಿಯಲ್ಲಿ ಕಾಲಿಡೋಕೂ ಜಾಗ ಇರಲ್ಲ. ಬಿಯರ್ ರುಚಿ ನೋಡೋ ಪ್ರಯಾಣಕ್ಕೆ ಅದು ಸರಿಯಾದ ದಿನ ಅಲ್ಲ.

ವಿಮಾನ ನಿಲ್ದಾಣದ ಹತ್ತಿರವೇ, ಕರೋಲಿನಾದ ಇಸ್ಲಾ ವೆರ್ದೆ ಬೀಚಿನಲ್ಲಿ "ಓಷನ್ ಲ್ಯಾಬ್" ಇದೆ. ಬೀಚ್ ಕ್ಲಬ್ಬೂ ಬ್ರೂವರಿಯೂ ಒಂದೇ ಆವರಣ. ಬೆಲೆ ಬೀಚ್ ಕ್ಲಬ್ಬಿನದೇ, ಆದರೆ ಟ್ಯಾಂಕಿನಿಂದ ಲೋಟಕ್ಕೆ ಇರುವ ದೂರ ಕಡಿಮೆ. ನನ್ನ ಮಟ್ಟಿಗೆ ಅದಕ್ಕೇ ಆ ದುಡ್ಡು. ಕಾಗ್ವಾಸ್‌ನಲ್ಲಿ "ಫಾಕ್", ಪಶ್ಚಿಮದ ರಿಂಕೋನ್ ಊರ ಚೌಕದಲ್ಲಿ "ರಿಂಕೋನ್ ಬಿಯರ್ ಕಂಪನಿ", ಕಾಬೊ ರೋಹೊ ಪಕ್ಕ "ಬೊಕೆರೋನ್ ಬ್ರೂಯಿಂಗ್". 2005ರಲ್ಲಿ ಹಳೇ ಸಾನ್ ಹ್ವಾನ್‌ನಲ್ಲಿ ಶುರುವಾದ "ಓಲ್ಡ್ ಹಾರ್ಬರ್" ಹೆಸರು ಹಳೇ ಲೇಖನಗಳಲ್ಲೆಲ್ಲ ಬರುತ್ತೆ. ಇಂಥ ಪಟ್ಟಿ ನಂಬಿ ಹೊರಡಬೇಡಿ. ಸಣ್ಣ ಬ್ರೂವರಿಗಳು ಜಾಗ ಬದಲಿಸ್ತವೆ, ಸೋಮವಾರ ಮಂಗಳವಾರ ಬಾಗಿಲು ಹಾಕ್ತವೆ. ಆ ವಾರದ್ದೇ ಪೋಸ್ಟ್ ನೋಡಿ ಹೋಗಿ.

ಕಾರು: ಸಾನ್ ಹ್ವಾನ್, ಸಾಂತುರ್ಸೆ, ಇಸ್ಲಾ ವೆರ್ದೆ ಮಟ್ಟಿಗೆ ಉಬರ್ ಸಾಕು. ರಿಂಕೋನ್ ಸುಮಾರು 150 ಕಿ.ಮೀ., ಎರಡೂವರೆ ಗಂಟೆ ದಾರಿ. ಅಲ್ಲಿ ರಾತ್ರಿ ಹೊತ್ತು ಉಬರ್ ಸಿಗುತ್ತೆ ಅಂತ ನಂಬಿಕೊಳ್ಳಬೇಡಿ. ಪಶ್ಚಿಮಕ್ಕೆ ಹೋದರೆ ಅಲ್ಲೇ ರಾತ್ರಿ ಉಳಿದು, ನಡೆದುಹೋಗುವಷ್ಟು ದೂರದಲ್ಲಿ ಕೋಣೆ ಹಿಡಿಯಿರಿ. ರಕ್ತದಲ್ಲಿ ಆಲ್ಕೋಹಾಲ್ ಮಿತಿ 0.08%. ಇನ್ನೊಂದು ತಮಾಷೆ: ರಸ್ತೆ ಫಲಕದಲ್ಲಿ ದೂರ ಕಿಲೋಮೀಟರಲ್ಲಿ, ವೇಗದ ಮಿತಿ ಮೈಲಿಯಲ್ಲಿ, ಪೆಟ್ರೋಲು ಲೀಟರಲ್ಲಿ.

ಕಾಗದಪತ್ರ
ಎಚ್‌-1ಬಿಯವರಿಗೆ ಪೋರ್ಟೊ ರಿಕೊ ದೇಶದೊಳಗಿನ ಪ್ರಯಾಣವೇ. ವೀಸಾ ಸ್ಟಾಂಪ್ ಮುಗಿದಿದ್ದರೂ ಡಲ್ಲಾಸ್–ಸಾನ್ ಹ್ವಾನ್–ಡಲ್ಲಾಸ್‌ಗೆ ಅಡ್ಡಿಯಿಲ್ಲ, ಸ್ಟೇಟಸ್ ಸರಿ ಇದ್ದರೆ ಸಾಕು. ಆದರೂ ಪಾಸ್‌ಪೋರ್ಟು, ಐ-94 (ದೇಶ ಪ್ರವೇಶದ ದಾಖಲೆ) ಪ್ರಿಂಟು, ಐ-797 (ಎಚ್‌-1ಬಿ ಮಂಜೂರಾತಿ ಪತ್ರ) ಮೂರೂ ಕೈಚೀಲದಲ್ಲಿರಲಿ. ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಕೇಳಬಹುದು.

ಪಕ್ಕದ ಅಮೆರಿಕನ್ ವರ್ಜಿನ್ ದ್ವೀಪಗಳಿಗೆ, ಅಂದರೆ ಸೇಂಟ್ ಥಾಮಸ್, ಸೇಂಟ್ ಜಾನ್ ಕಡೆಗೆ ಹಾರುವ ಯೋಚನೆ ಬಂದರೆ ಸ್ವಲ್ಪ ಬೇರೆ. ಅವು ಅಮೆರಿಕದ ನೆಲವೇ ಆದರೂ ಕಸ್ಟಮ್ಸ್ ಗಡಿಯ ಹೊರಗೆ. ವಾಪಸ್ ಹೊರಡುವಾಗ ವಲಸೆ ತಪಾಸಣೆ ಇದ್ದೇ ಇರುತ್ತೆ. ಅಲ್ಲಿಂದ ದೋಣಿ ಹತ್ತಿ ಬ್ರಿಟಿಷ್ ಭಾಗದ ಟೋರ್ಟೊಲಾಗೆ ಇಳಿದಿರೋ, ಅಮೆರಿಕ ಬಿಟ್ಟಂತೆಯೇ ಲೆಕ್ಕ. ಕೆನಡಾ, ಮೆಕ್ಸಿಕೊಗೆ ಹೋಗಿಬಂದವರಿಗೆ ಸಿಗುವ ಸ್ವಯಂ ಮರುಮಾನ್ಯತೆ (ಮುಗಿದ ಸ್ಟಾಂಪಿನಲ್ಲೇ ಮರಳಿ ಬರುವ ಅವಕಾಶ) ಎಚ್‌-1ಬಿಯವರಿಗೆ ಈ ದ್ವೀಪಗಳಿಂದ ಸಿಗಲ್ಲ. ಸ್ಟಾಂಪ್ ಮುಗಿದವರು ಆ ದೋಣಿ ಹತ್ತಲೇಬೇಡಿ.

ತಾಮ್ರದಹಂಡೆ
ಹೇಗೆ ಮಾಡ್ತಾರೆ ಅನ್ನೋದಕ್ಕೆ ಬರ್ತೀನಿ.

ಮೊದಲ ತೊಂದರೆ ಕುದಿಸಿದ ವರ್ಟ್ ತಣ್ಣಗಾಗಿಸುವುದು. ವರ್ಟ್ ಅಂದರೆ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಸಿಹಿನೀರು, 95 ಡಿಗ್ರಿಯಲ್ಲಿರುತ್ತೆ, ಏಲ್ (ಲಾಗರಿಗಿಂತ ಬೆಚ್ಚಗೆ ಹುದುಗುವ ಬಿಯರ್) ಯೀಸ್ಟ್‌ಗೆ 18-20 ಬೇಕು. ಪ್ಲೇಟ್ ಹೀಟ್ ಎಕ್ಸ್‌ಚೇಂಜರಿನ ಒಂದು ಕಡೆ ವರ್ಟ್, ಇನ್ನೊಂದು ಕಡೆ ನಲ್ಲಿ ನೀರು. ಆದರೆ ಕೆರಿಬಿಯನ್‌ನಲ್ಲಿ ನಲ್ಲಿ ನೀರೇ 27-28 ಡಿಗ್ರಿ. ಎಷ್ಟು ಒಳ್ಳೆಯ ಎಕ್ಸ್‌ಚೇಂಜರ್ ಇದ್ದರೂ ವರ್ಟ್ 31-32ಕ್ಕಿಂತ ಕೆಳಗೆ ಇಳಿಯಲ್ಲ. ಉಳಿದ 12 ಡಿಗ್ರಿ ಇಳಿಸೋದಕ್ಕೆ ಎರಡು ದಾರಿ.

ಒಂದು: ಎಕ್ಸ್‌ಚೇಂಜರಿನ ಎರಡನೇ ಹಂತದಲ್ಲಿ ಚಿಲ್ಲರ್ ತಣ್ಣಗಾಗಿಸಿದ ಗ್ಲೈಕಾಲ್ (ಹೆಪ್ಪುಗಟ್ಟದ ದ್ರವ) ಹರಿಸೋದು. 1000 ಲೀಟರ್ ಬ್ಯಾಚಿಗೆ 12 ಡಿಗ್ರಿ ಅಂದರೆ ಹತ್ತಿರಹತ್ತಿರ 14 ಯೂನಿಟ್ ಶಾಖ ತೆಗೀಬೇಕು. ಒಂದು ಗಂಟೆಯಲ್ಲಿ ಮುಗಿಸಬೇಕಾದರೆ 14 ಕಿಲೋವಾಟ್, ಅಂದರೆ 4 ಟನ್ ಚಿಲ್ಲರ್ ಬರೀ ಇದಕ್ಕೇ. ಆ ಹೊತ್ತಿನಲ್ಲಿ ಹುದುಗುತ್ತಿರುವ ಬೇರೆ ಟ್ಯಾಂಕುಗಳಿಗೆ ತಂಪು ಸಾಲದೆ ಅವುಗಳ ತಾಪಮಾನ ಮೇಲೇರುತ್ತೆ. ಹೊಸ ಬ್ರೂವರಿಗಳಲ್ಲಿ ಮೊದಲು ಎಡವಟ್ಟಾಗೋದು ಇಲ್ಲೇ: ಚಿಲ್ಲರ್ ಕೊಳ್ಳುವಾಗ ಹುದುಗುವಿಕೆಯ ಲೆಕ್ಕ ಮಾತ್ರ ಹಾಕಿರ್ತಾರೆ, ಬ್ರೂ ಮಾಡುವ ದಿನದ ಲೆಕ್ಕ ಬಿಟ್ಟುಹೋಗಿರುತ್ತೆ.

ಎರಡು: ತಣ್ಣೀರ ಟ್ಯಾಂಕು. ಬ್ಯಾಚಿನ 1.2 ಪಟ್ಟು, ಅಂದರೆ 1200 ಲೀಟರ್ ನೀರನ್ನು ರಾತ್ರಿಯೆಲ್ಲ 28ರಿಂದ 4 ಡಿಗ್ರಿಗೆ ಇಳಿಸಿಟ್ಟು, ಬೆಳಿಗ್ಗೆ ಅದನ್ನೇ ಎಕ್ಸ್‌ಚೇಂಜರಿಗೆ ಬಿಡೋದು. ಒಟ್ಟು ಶಾಖ 33-34 ಯೂನಿಟ್, ಮೊದಲನೆಯದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಆದರೆ 12 ಗಂಟೆಗೆ ಹಂಚಿದಾಗ 3 ಕಿಲೋವಾಟಿಗೂ ಕಡಿಮೆ, 1 ಟನ್ ಚಿಲ್ಲರಲ್ಲಿ ಕೆಲಸ ಆಗುತ್ತೆ. ಹೊರಗೆ ಬರುವ ಬಿಸಿನೀರು ಮುಂದಿನ ಮ್ಯಾಶಿಗೆ, ಅಂದರೆ ಮಾಲ್ಟನ್ನು ಬಿಸಿನೀರಲ್ಲಿ ನೆನೆಸೋದಕ್ಕೆ, ಒದಗುತ್ತೆ. ಕರೆಂಟು ದುಬಾರಿಯಾಗಿದ್ದೂ ನಂಬಿಕೆಗೆ ಅರ್ಹವಲ್ಲದ ಊರಲ್ಲಿ ನಾನಾದರೆ ಎರಡನೆಯದನ್ನೇ ಆರಿಸ್ತೀನಿ. ಸಣ್ಣ ಚಿಲ್ಲರನ್ನು ಸಣ್ಣ ಜನರೇಟರ್ ಎಳೆಯುತ್ತೆ.

ಕೊಡಗಿನಕಿತ್ತಳೆ
ತಾಮ್ರದಹಂಡೆಯವರೇ, ಇಷ್ಟೆಲ್ಲ ಯಾಕೆ? ನಾರ್ವೆಯ ಕ್ವೈಕ್ ಯೀಸ್ಟ್ ಹಾಕಿಬಿಟ್ಟರೆ ಆಯ್ತಲ್ಲ. ವೊಸ್ ಕ್ವೈಕ್ 35-40 ಡಿಗ್ರಿಯಲ್ಲೇ ಮೂರ್ನಾಲ್ಕು ದಿನದಲ್ಲಿ ಹುದುಗಿಸಿ ಮುಗಿಸುತ್ತೆ, ಕಿತ್ತಳೆಯಂಥ ಪರಿಮಳ ಬೇರೆ. ವರ್ಟ್ 32ಕ್ಕೆ ಇಳಿದರೂ ಸಾಕು, ಗ್ಲೈಕಾಲೇ ಬೇಡ.

ತಾಮ್ರದಹಂಡೆ
ಅರ್ಧ ಒಪ್ತೀನಿ ಮೇಡಂ. ಪೇಲ್ ಏಲ್, ಹಣ್ಣಿನ ಬಿಯರ್, ಸೆಕೆನಾಡಿನ ಐಪಿಎಗೆ ಕ್ವೈಕ್ ಹೇಳಿಮಾಡಿಸಿದ್ದು. ಬೆಲ್ಜಿಯಂ ಕಡೆಯ ಸೆಸಾನ್ ಯೀಸ್ಟೂ ಬಿಸಿ ತಡೆಯುತ್ತೆ. ಆದರೆ ಹುದುಗಿದ ಮೇಲೆ ಯೀಸ್ಟ್ ಕೆಳಗಿಳಿಸೋದಕ್ಕೆ 1-2 ಡಿಗ್ರಿಗೆ ತರಬೇಕು, ಗ್ಯಾಸ್ ಹಿಡಿಸೋದಕ್ಕೂ ತಂಪು, ಇಟ್ಟುಕೊಳ್ಳೋಕೂ ತಂಪು. ಚಿಲ್ಲರ್ ಚಿಕ್ಕದಾಗುತ್ತೆ, ಇಲ್ಲದೇ ಆಗಲ್ಲ. ತಂಪಿಲ್ಲದೆ ಲಾಗರ್ ಅಂತೂ ಕನಸೇ. ಅಲ್ಲಿ ಜನ ಸೆಕೆಗೆ ಕೇಳೋದು ಲಾಗರ್, ಬ್ಲಾಂಡ್ ಏಲ್‌ನಂಥ ಹಗುರವಾದದ್ದು. ಅಂಥ ಬಿಯರಲ್ಲಿ ಯೀಸ್ಟಿನ ತಪ್ಪನ್ನು ಮುಚ್ಚೋಕೆ ಹಾಪ್ಸ್ ಮರೆ ಇರಲ್ಲ.

ಕರೆಂಟಿನ ಮಾತು. 2017ರ ಸೆಪ್ಟೆಂಬರಲ್ಲಿ ಮರಿಯಾ ಚಂಡಮಾರುತ ಗ್ರಿಡ್ಡನ್ನು ಪೂರ್ತಿ ಕೆಡವಿತು. ಆಮೇಲೂ 2024ರ ಡಿಸೆಂಬರ್ 31ಕ್ಕೆ ಮತ್ತು 2025ರ ಏಪ್ರಿಲ್ 16ಕ್ಕೆ ಹೆಚ್ಚುಕಡಿಮೆ ಇಡೀ ದ್ವೀಪ ಕತ್ತಲಾಯಿತು. ಆಗ ಟ್ಯಾಂಕಿನೊಳಗೆ ಏನಾಗುತ್ತೆ ನೋಡಿ. 1 ಕೆ.ಜಿ. ಸಕ್ಕರೆ ಹುದುಗಿದರೆ 587 ಕಿಲೋಜೂಲ್ ಆಸುಪಾಸು ಶಾಖ. 12 ಡಿಗ್ರಿ ಪ್ಲೇಟೊದ, ಅಂದರೆ ತೂಕದಲ್ಲಿ 12% ಸಿಹಿ ಅಂಶವಿರುವ, 1000 ಲೀಟರ್ ವರ್ಟಿನಲ್ಲಿ 78-80 ಕೆ.ಜಿ. ಹುದುಗುತ್ತೆ. ಆ ಶಾಖ ಎಲ್ಲೂ ಹೊರಹೋಗದಿದ್ದರೆ ಬಿಯರ್ ತನ್ನಷ್ಟಕ್ಕೆ 11 ಡಿಗ್ರಿ ಏರುತ್ತೆ. 18ರಲ್ಲಿದ್ದದ್ದು 29. ಮೊದಲ ಎರಡು ದಿನದಲ್ಲಿ ಹೀಗಾದರೆ ಫ್ಯೂಸೆಲ್ ಅನ್ನೋ ಘಾಟಿನ ಆಲ್ಕೋಹಾಲು, ಬಾಳೆಹಣ್ಣು-ಥಿನ್ನರ್ ವಾಸನೆ. ಆ ಬ್ಯಾಚು ಚರಂಡಿಗೇ. ಐದನೇ ದಿನದ ಮೇಲಾದರೆ ಅಷ್ಟು ಹಾನಿಯಿಲ್ಲ, ಸುವಾಸನೆಯ ಕೆಲಸ ಅಷ್ಟರಲ್ಲಿ ಮುಗಿದಿರುತ್ತೆ. ಹಾಗಾಗಿ ಜನರೇಟರಿನ ಡೀಸೆಲ್ ಕಮ್ಮಿ ಇದ್ದಾಗ ಹೊಸ ಟ್ಯಾಂಕಿಗೆ ಮೊದಲ ಪಾಲು, ಮಾಗಿದ್ದಕ್ಕೆ ಕೊನೆಯ ಪಾಲು.

ಗೋಕುಲರಸ್ತೆ
ಬ್ರೂವರಿ ಒಳಗಿಂದೆಲ್ಲಾ ಛಲೋ ಹೇಳಿದ್ರಿ. ಕುಡಿಯಾಂವ ಬಾರಿನಾಗ ಏನ್ ನೋಡ್ಬೇಕು ಅನ್ನೂದು ನಾ ಹೇಳ್ತೀನ್ರಿ.

ನಲ್ಲಿ ಬಿಯರಿನ್ಯಾಗ ಮೊದಲನೇ ಲೋಟ ಬರೇ ನೊರಿ ಬಂದ್ರ ಗಾಬರಿ ಆಗಬ್ಯಾಡ್ರಿ. ಕೆಗ್ಗು (ಬಿಯರ್ ಪೀಪಾಯಿ) 3 ಡಿಗ್ರಿ ಒಳಗ ಇದ್ದಾಗ 2.5 ವಾಲ್ಯೂಮ್ ಗ್ಯಾಸ್, ಅಂದ್ರ ಬಿಯರಿನ ಎರಡೂವರೆ ಪಟ್ಟು ಗಾತ್ರದ ಗ್ಯಾಸ್, ಹಿಡಿದಿಡಾಕ 11 ಪಿಎಸ್‌ಐ ಸಾಕು. ಅದ ಬಿಯರು ಪೈಪಿನ್ಯಾಗ ನಿಂತು 30 ಡಿಗ್ರಿ ಆತಂದ್ರ 38 ಪಿಎಸ್‌ಐ ಬೇಕಾಗತೈತಿ. ಅಷ್ಟು ಒತ್ತಡ ಎಲ್ಲೈತಿ? ಗ್ಯಾಸೆಲ್ಲಾ ನೊರಿ ಆಗಿ ಹೊರಗ. 3 ಮೀಟರ್ ಸಣ್ಣ ಪೈಪಿನ್ಯಾಗ ನಿಲ್ಲೂದು 50 ಮಿಲಿ ಅಷ್ಟ. ಅಷ್ಟು ಹೋದಮ್ಯಾಲ ಸರಿ ಬರಬೇಕು. ಎರಡನೇ, ಮೂರನೇ ಲೋಟನೂ ನೊರಿನೇ ಅಂದ್ರ ಅವರ ಕೋಲ್ಡ್ ರೂಮೇ ಕೆಟ್ಟೈತಿ ಅಂತ ತಿಳೀರಿ, ಕ್ಯಾನ್ ತಗೊಂಡು ಕೂಡ್ರಿ.

ಬೆಣ್ಣಿ ವಾಸನಿ, ಜೊತಿಗೆ ಹುಳಿ ಘಾಟು ಬಂತಂದ್ರ ಬಿಯರ್ ಪೈಪು ತೊಳದಿಲ್ಲ ಅಂತ ಬಹಳ ಸಲ ಅರ್ಥ. ಎರಡು ವಾರಕ್ಕೊಮ್ಮೆ ಕಾಸ್ಟಿಕ್ ಹಾಕಿ ತೊಳೀಬೇಕಂತ ನಿಯಮ. ಬಿಸಿ ಊರಾಗ ಅದನ್ನ ಬಿಟ್ರ ಪೈಪಿನ್ಯಾಗ ಲೋಳಿ ಕಟ್ಟೂದು ಇನ್ನೂ ಲಗೂನ. ಬ್ಯಾಂಡೇಜ್ ವಾಸನಿ ಬ್ಯಾರೆ ಕಥಿ, ಅದು ನೀರಿಂದು.

ತಾಮ್ರದಹಂಡೆ
ಹೌದು, ಅದು ಕ್ಲೋರಿನ್. ಸಾನ್ ಹ್ವಾನ್‌ಗೆ ಬರೋದು ಲೋಯ್ಸಾ, ಲಾ ಪ್ಲಾತಾ ಅಣೆಕಟ್ಟುಗಳ ಮೇಲ್ಮೈ ನೀರು. ಕ್ಲೋರಿನ್ ಹೊಡೆದೇ ಕೊಡೋದು. ತೆಗೆಯದೆ ಮ್ಯಾಶ್ ಮಾಡಿದರೆ ಮಾಲ್ಟಿನ ಫೀನಾಲ್ ಜತೆ ಸೇರಿ ಆ ವಾಸನೆ. ಬ್ರೂವರಿಯಲ್ಲಿ ಇಂಗಾಲದ ಫಿಲ್ಟರ್, ಮನೆಯಲ್ಲಾದರೆ 75 ಲೀಟರಿಗೆ ಒಂದು ಕ್ಯಾಂಪ್ಡೆನ್ ಮಾತ್ರೆ (ಕ್ಲೋರಿನ್ ಕಳೆಯುವ ಮಾತ್ರೆ) ಪುಡಿಮಾಡಿ ಹಾಕಿದರೆ ಆಯಿತು. ಉತ್ತರದ ಅರೆಸಿಬೊ, ಮನತಿ ಕಡೆ ಸುಣ್ಣಕಲ್ಲಿನ ನೆಲ, ಬಾವಿ ನೀರು ಗಡಸು. ಅದರಲ್ಲಿ ತೆಳು ಬಣ್ಣದ ಬಿಯರ್ ಮಾಡಿದರೆ ಮ್ಯಾಶ್ ಪಿಎಚ್ 5.6 ದಾಟಿ ಹೊಟ್ಟಿನ ಒಗರು ಬರುತ್ತೆ. ಲ್ಯಾಕ್ಟಿಕ್ ಆಸಿಡ್ ಹಾಕಿ 5.3 ಆಸುಪಾಸಿಗೆ ತರಬೇಕು.

ಕೆರೆಕೋಡಿ
ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ, ಧನ್ಯವಾದ. ಬೆಲೆ ಯಾಕೆ ಅಷ್ಟು ಜಾಸ್ತಿ ಅಂತ ಯಾರಾದರೂ ಹೇಳ್ತೀರಾ? ಸೂಪರ್‌ಮಾರ್ಕೆಟ್ಟಿನಲ್ಲಿ ಕೊಂಡರೆ ಪರವಾಗಿಲ್ಲವಾ?

ಹೊಂಬಾಳೆ
ಬಾರ್ಲಿ, ಹಾಪ್ಸ್ ಎರಡೂ ಅಲ್ಲಿ ಬೆಳೆಯಲ್ಲ. ಬಹುಪಾಲು ಫ್ಲಾರಿಡಾದ ಜಾಕ್ಸನ್‌ವಿಲ್‌ನಿಂದ ಹಡಗಿನಲ್ಲಿ ಬರಬೇಕು. 1920ರ ಜೋನ್ಸ್ ಕಾಯಿದೆ ಪ್ರಕಾರ ಅಮೆರಿಕದ ಎರಡು ಬಂದರುಗಳ ನಡುವೆ ಸರಕು ಸಾಗಿಸುವ ಹಡಗು ಅಮೆರಿಕದಲ್ಲೇ ಕಟ್ಟಿದ್ದು, ಅಲ್ಲಿಯದೇ ಬಾವುಟದ್ದು ಆಗಿರಬೇಕು. ಸಾಗಣೆ ಬಾಡಿಗೆ ಅದಕ್ಕೇ ಹೆಚ್ಚು. ಸಾದಾ ಕಂಟೇನರಲ್ಲಿ ಹಾಪ್ಸ್ ಬಂದರೆ ದಾರಿಯಲ್ಲೇ ಬೆಂದು ಚೀಸಿನ ವಾಸನೆ ಹೊಡೆಯುತ್ತೆ, ತಂಪು ಕಂಟೇನರ್ ಬೇಕು, ಅದಕ್ಕೆ ಇನ್ನೂ ದುಡ್ಡು. ಮಾಲ್ಟು ಬರುವಾಗ 4-5% ತೇವ ಇರುತ್ತೆ, ಚೀಲ ತೆರೆದಿಟ್ಟರೆ ಆ ಗಾಳಿಯಲ್ಲಿ ಬೇಗ ಮೆತ್ತಗಾಗಿ ಹುಳ ಹಿಡಿಯುತ್ತೆ. ಇದರ ಮೇಲೆ ಬಿಲ್ಲಿನಲ್ಲಿ 11.5% ಮಾರಾಟ ತೆರಿಗೆ, ಮತ್ತೆ 15-20% ಟಿಪ್ಸ್.

ಸೂಪರ್‌ಮಾರ್ಕೆಟ್ಟಿನಲ್ಲಿ ಕೊಳ್ಳಿ, ಆದರೆ ಫ್ರಿಜ್ಜಿನ ಕಪಾಟಿನಿಂದ ಮಾತ್ರ. ಬ್ರೂವರಿಯವರ ನಡುವೆ 3-30-300 ಅನ್ನೋ ಲೆಕ್ಕ ಇದೆ: 32 ಡಿಗ್ರಿಯಲ್ಲಿ 3 ದಿನ, 22ರಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ, ಮೂರೂ ಬಿಯರಿಗೆ ಒಂದೇ ಮುಪ್ಪು. ಹೊರಗೆ ರಾಶಿ ಹಾಕಿದ ಐಪಿಎ ಕ್ಯಾನಿನ ತಾರೀಖು ಹೊಸದಿದ್ದರೂ ಒಳಗೆ ಒದ್ದೆ ರಟ್ಟಿನ ರುಚಿ ಬಂದಿರಬಹುದು. ಕ್ಯಾನಿನ ತಳದಲ್ಲಿರೋದು ತುಂಬಿದ ದಿನವೋ, ಮುಗಿಯುವ ದಿನವೋ ನೋಡಿಕೊಳ್ಳಿ. ಬಿಳಿ ಗಾಜಿನ ಬಾಟಲಿಯನ್ನು ಬೀಚಿಗೆ ಒಯ್ಯಬೇಡಿ, ಬಿಸಿಲಿಗೆ ಹಾಪ್ಸ್ ಅಂಶ ಒಡೆದು ಕೆಲವೇ ನಿಮಿಷದಲ್ಲಿ ಗಬ್ಬು ವಾಸನೆ ಬರುತ್ತೆ.

ಕೊಡಗಿನಕಿತ್ತಳೆ
ಹಣ್ಣಿನ ಬಿಯರ್ ಬಗ್ಗೆ ಒಂದು ಎಚ್ಚರಿಕೆ. ಅಲ್ಲಿ ಪಾರ್ಚಾ ಅನ್ನೋದು ನಮ್ಮ ಕೊಡಗಿನಲ್ಲಿ ಸಿಗುವ ಪ್ಯಾಶನ್ ಫ್ರೂಟೇ. ಸೀಬೆ, ತೆಂಗು, ಹುಣಸೆ ಎಲ್ಲವನ್ನೂ ಬಿಯರಿಗೆ ಹಾಕ್ತಾರೆ. 20 ಲೀಟರಿಗೆ 1 ಕೆ.ಜಿ. ಪಾರ್ಚಾ ತಿರುಳು ಹಾಕಿದರೆ 100-120 ಗ್ರಾಂ ಸಕ್ಕರೆ ಸೇರಿದಂತೆ. ಅದು ಟ್ಯಾಂಕಿನಲ್ಲೇ ಹುದುಗಿ ಮುಗಿಯಬೇಕು. ಮುಗಿಯದೆ ಕ್ಯಾನಿಗೆ ತುಂಬಿ, ಆ ಕ್ಯಾನು ಬೆಚ್ಚಗಾದರೆ ಯೀಸ್ಟ್ ಎದ್ದು ಇನ್ನೂ 1.4 ವಾಲ್ಯೂಮ್ ಗ್ಯಾಸ್ ಕೂಡಿಸುತ್ತೆ. 30 ಡಿಗ್ರಿಯಲ್ಲಿ ಒಳಗೆ 65 ಪಿಎಸ್‌ಐ ಆಗುತ್ತೆ, ಕ್ಯಾನು ಹೇಗೋ ತಡೆಯುತ್ತೆ. ತಿರುಳು 2 ಕೆ.ಜಿ. ಆಗಿದ್ದರೆ 90 ಪಿಎಸ್‌ಐ, ಸಾಮಾನ್ಯ ಬಿಯರ್ ಕ್ಯಾನಿನ ಮಿತಿಯೇ ಅಷ್ಟು. ತಳ ಉಬ್ಬಿದ ಕ್ಯಾನು ಕಂಡರೆ ಮುಟ್ಟಬೇಡಿ, ತಿರುಳು ಹೆಚ್ಚಿರುವ ಹಣ್ಣಿನ ಬಿಯರನ್ನು ಬಾಡಿಗೆ ಕಾರಿನ ಡಿಕ್ಕಿಯಲ್ಲಂತೂ ಇಡಲೇಬೇಡಿ.

ಮನೆಯಲ್ಲಿ ಮಾಡೋರಿಗೆ: ಮುಖ್ಯ ಹುದುಗು ತಗ್ಗಿದ ಮೇಲೆ, ನಾಲ್ಕೈದನೇ ದಿನ ತಿರುಳು ಹಾಕಿ. ಹೈಡ್ರೋಮೀಟರ್ (ಉಳಿದ ಸಕ್ಕರೆ ಅಳೆಯುವ ತೇಲುಗೋಲು) ಓದು ಮೂರು ದಿನ ಅಲುಗಾಡದೆ ನಿಂತ ಮೇಲೇ ಬಾಟಲಿಗೆ. ತೆಂಗು ಹಾಕೋದಾದರೆ ತುರಿಯನ್ನು ಹೊಂಬಣ್ಣಕ್ಕೆ ಹುರಿದು, ಎಣ್ಣೆಯನ್ನು ಕಾಗದಕ್ಕೆ ಒತ್ತಿ ತೆಗೆಯಿರಿ. ಎಣ್ಣೆ ಉಳಿದರೆ ನೊರೆ ನಿಲ್ಲಲ್ಲ.

ಸೊಪ್ಪುಸಾರು
ಜತೆಗೆ ತಿನ್ನೋಕೆ? ಸಸ್ಯಾಹಾರಿಗಳಿಗೆ ಏನಾದರೂ ಗತಿ ಇದೆಯಾ?

ಹೊಂಬಾಳೆ
ತೊಸ್ತೋನೆಸ್ ಕೇಳಿ, ಬಾಳೆಕಾಯಿ ಚಪ್ಪಟೆ ಒತ್ತಿ ಎರಡು ಸಲ ಕರಿದದ್ದು. ಬ್ಲಾಂಡ್ ಏಲ್ ಜತೆ ಇದಕ್ಕಿಂತ ಒಳ್ಳೇದು ಬೇಡ. ಮೊಫೋಂಗೊ ಆದರೆ ಹಂದಿ ಚರ್ಮದ ಚಿಚರ್ರೋನ್ ಕುಟ್ಟಿರ್ತಾರೆ, ಮೊದಲೇ ಹೇಳಿ ತೆಗೆಸಬೇಕು. ಅನ್ನ-ಬೀನ್ಸ್ ಕಾಳು ನೋಡೋಕೆ ಸಸ್ಯಾಹಾರವೇ, ಆದರೆ ಸಾರಿನಲ್ಲಿ ಬಹಳ ಕಡೆ ಹ್ಯಾಮ್ ತುಂಡು. "ಸಿನ್ ಕಾರ್ನೆ" ಅಂದರೆ ಸಾಲದು, "ಸಿನ್ ಹಮೋನ್" ಅಂತಲೂ ಸೇರಿಸಿ. ಕರಿಯೋ ಎಣ್ಣೆ ಒಂದೇ ಬಾಣಲೆಯದು ಅನ್ನೋದಂತೂ ಇದ್ದೇ ಇದೆ.

ಕೆರೆಕೋಡಿ
ಕೊನೆಯ ಪ್ರಶ್ನೆ: ಬರುವಾಗ ಕ್ಯಾನುಗಳನ್ನು ತರಬಹುದಾ?

ಕಾಗದಪತ್ರ
ತರಬಹುದು. ಪೋರ್ಟೊ ರಿಕೊ ಅಮೆರಿಕದ ಕಸ್ಟಮ್ಸ್ ಗಡಿಯೊಳಗೇ ಇದೆ, ಸುಂಕ ಇಲ್ಲ. 24%ಗಿಂತ ಕಡಿಮೆ ಆಲ್ಕೋಹಾಲಿಗೆ ಚೆಕ್-ಇನ್ ಬ್ಯಾಗಿನಲ್ಲಿ ವಿಮಾನ ಸುರಕ್ಷತೆಯ ಪ್ರಮಾಣ ಮಿತಿಯೂ ಇಲ್ಲ. ಅಲ್ಲಿ ಕುಡಿಯೋ ವಯಸ್ಸು 18, ಟೆಕ್ಸಸ್‌ನಲ್ಲಿ 21. ನಿಮಗೆ ತೊಂದರೆಯಿಲ್ಲ, ಜತೆಗೆ ಕಾಲೇಜು ಹುಡುಗರಿದ್ದರೆ ಅವರ ಬ್ಯಾಗಿಗೆ ತುಂಬಬೇಡಿ. 355 ಮಿಲಿಯ 24 ಕ್ಯಾನು ಸುಮಾರು 9 ಕೆ.ಜಿ. ತೂಗುತ್ತೆ, ಬ್ಯಾಗಿನ ಮಿತಿ 23. ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿ ಜಿಪ್ ಚೀಲಕ್ಕೆ ಹಾಕಿ, ಬ್ಯಾಗಿನ ನಡುವೆ ಇಡಿ. ಹೊರಡೋ ಮುಂಚೆ ನಿಲ್ದಾಣದಲ್ಲಿ ಕೃಷಿ ಇಲಾಖೆಯವರು ಎಲ್ಲಾ ಬ್ಯಾಗನ್ನೂ ಸ್ಕ್ಯಾನ್ ಮಾಡ್ತಾರೆ. ಬಿಯರಿಗೆ ಅವರ ತಕರಾರಿಲ್ಲ, ಮಾವಿನಹಣ್ಣು ಸಿಕ್ಕಿದರೆ ಅಲ್ಲೇ ಬಿಟ್ಟು ಬರಬೇಕು.

ಗೋಕುಲರಸ್ತೆ
ಮನಿಗೆ ಬಂದಕೂಡ್ಲೇ ಫ್ರಿಜ್ಜಿಗೆ ಹಾಕ್ರಿ, ಒಂದು ದಿನ ನೆಟ್ಟಗ ನಿಂದ್ರಸ್ರಿ, ಆಮ್ಯಾಲ ತೆಗೀರಿ. ಹಣ್ಣಿಂದು ಮೊದಲು ಕುಡೀರಿ, ಆಮ್ಯಾಲ ಐಪಿಎ. ಸ್ಟೌಟ್ (ಕಪ್ಪು ಬಿಯರ್) ಇದ್ರ ಅದು ಕಾಯ್ತೈತಿ.